ಕೆರೆಯ ನೀರು, ಉಂಬಳದ ಹೊಟ್ಟೆ: ಡಿಎನ್‌ಎ ಬರೆದುಕೊಡುವ ಜೀವಿಗಳ ಪಟ್ಟಿ

ಓದುಗರ ಪ್ರಶ್ನೆಗಳಿಗೆ ಉತ್ತರ

ನೀರು, ಮಣ್ಣು, ಗಾಳಿಗಳಲ್ಲಿ ಸಿಗುವ ಡಿಎನ್‌ಎಯಿಂದ ಜೀವಿಗಳನ್ನು ಗುರುತಿಸುವ ವಿಧಾನದ ಬಗ್ಗೆ ಹಲವು ಓದುಗರು ಪತ್ರ ಬರೆದಿದ್ದಾರೆ. ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಬಲೆ ಬೀಸದೆ, ಒಂದು ಲೀಟರ್ ನೀರನ್ನಷ್ಟೇ ತಂದು ಆ ಕೆರೆಯ ಮೀನುಗಳನ್ನೆಲ್ಲ ಹೆಸರಿಸಬಹುದು ಎಂದು ಓದಿದೆ. ಇದು ಹೇಗೆ ಸಾಧ್ಯ? ಇದನ್ನು ‘ಮೆಟಾಬಾರ್‌ಕೋಡಿಂಗ್’ ಎಂದು ಏಕೆ ಕರೆಯುತ್ತಾರೆ?
– ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಸಾಗರ

ಉತ್ತರ: ನೀರಿನಲ್ಲಿ ಬದುಕುವ ಪ್ರಾಣಿ ತನ್ನ ಗುರುತನ್ನು ಸದಾ ನೀರಿಗೆ ಬಿಡುತ್ತಲೇ ಇರುತ್ತದೆ. ಮೀನಿನ ಮೈಯ ಲೋಳೆ ಕಳಚುತ್ತದೆ, ಹುರುಪೆ ಉದುರುತ್ತದೆ, ಮಲ ನೀರಿಗೆ ಸೇರುತ್ತದೆ, ಮರಿ ಮಾಡುವ ಕಾಲದಲ್ಲಿ ಮೊಟ್ಟೆಯೂ ವೀರ್ಯವೂ ನೀರಿಗೇ ಬೀಳುತ್ತವೆ. ಕಪ್ಪೆ ಕಳಚಿದ ಚರ್ಮ, ನೀರು ಕುಡಿಯಲು ಬಂದ ದನದ ಜೊಲ್ಲು, ಕೊಂಬೆಯ ಮೇಲೆ ಕುಳಿತ ಮಿಂಚುಳ್ಳಿಯ ಹಿಕ್ಕೆ, ಇವೆಲ್ಲವುಗಳಲ್ಲೂ ಜೀವಕೋಶಗಳಿರುತ್ತವೆ, ಆ ಜೀವಕೋಶಗಳಲ್ಲಿ ಆಯಾ ಪ್ರಾಣಿಯ ಡಿಎನ್‌ಎ ಇರುತ್ತದೆ. ಹೀಗೆ ಪರಿಸರದಲ್ಲಿ ಚದುರಿ ಉಳಿದದ್ದನ್ನು ಪರಿಸರ ಡಿಎನ್‌ಎ ಎನ್ನುತ್ತಾರೆ.

ತಂದ ನೀರನ್ನು ಮೊದಲು ಸೋಸಬೇಕು. ಸಾಮಾನ್ಯವಾಗಿ ಬಳಸುವ ಫಿಲ್ಟರ್ ಹಾಳೆಯ ರಂಧ್ರಗಳು 0.45 ಮೈಕ್ರಾನ್‌ನವು, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದ ಅರ್ಧಕ್ಕಿಂತಲೂ ಕಿರಿದು. ಮಲೆನಾಡಿನ ತೊರೆಯ ತಿಳಿನೀರಾದರೆ ಲೀಟರು ನೀರು ಬೇಗ ಇಳಿಯುತ್ತದೆ, ಬಯಲುಸೀಮೆಯ ಹೂಳೆದ್ದ ಕೆರೆಯದಾದರೆ ಅರ್ಧ ಲೀಟರು ಇಳಿಯುವಷ್ಟರಲ್ಲೇ ಹಾಳೆ ಕಟ್ಟಿಕೊಂಡುಬಿಡುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು ಐದು ಸೆಂಟಿಮೀಟರಿಗೂ ಕಡಿಮೆ ಅಗಲದ, ಕಂದುಹಸಿರು ಬಣ್ಣ ಹಿಡಿದ ದುಂಡನೆಯ ಒಂದು ಹಾಳೆ. ಮೊದಲ ಸಲ ಚಿಮುಟದಲ್ಲಿ ಅದನ್ನು ಎತ್ತಿ ಹಿಡಿದಾಗ ಪಾಚಿಯ ಕೊಳೆಯ ಹೊರತು ಏನೂ ಕಾಣುವುದಿಲ್ಲ, ಆದರೆ ಕೆರೆಯ ಮೀನು, ಕಪ್ಪೆ, ಆಮೆಗಳ ಸುಳಿವೆಲ್ಲ ಇರುವುದು ಆ ಕೊಳೆಯಲ್ಲೇ.

ಆ ಹಾಳೆಯಿಂದ ಡಿಎನ್‌ಎಯನ್ನು ಬೇರ್ಪಡಿಸಿದ ಮೇಲೆ ನಮಗೆ ಬೇಕಾದ ಒಂದು ಸಣ್ಣ ತುಣುಕನ್ನು ಮಾತ್ರ ಆರಿಸಿ ಅದರ ಪ್ರತಿಗಳನ್ನು ಹೆಚ್ಚಿಸಬೇಕು. ಒಂದು ಸೋಬಾನೆ ಹಾಡಿನ ಮೊದಲ ಸಾಲೂ ಕೊನೆಯ ಸಾಲೂ ಎಲ್ಲ ಊರುಗಳಲ್ಲೂ ಒಂದೇ ಆಗಿದ್ದು, ನಡುವಿನ ಸಾಲುಗಳು ಮಾತ್ರ ಊರಿಗೊಂದು ರೀತಿ ಇವೆ ಎಂದುಕೊಳ್ಳಿ. ಮೊದಲ ಮತ್ತು ಕೊನೆಯ ಸಾಲು ಗೊತ್ತಿದ್ದರೆ ಹಾಡನ್ನು ಎಲ್ಲಿದ್ದರೂ ಹುಡುಕಬಹುದು, ನಡುವಿನ ಸಾಲು ಕೇಳಿದರೆ ಅದು ಯಾವ ಊರಿನದೆಂದು ಹೇಳಬಹುದು. ಡಿಎನ್‌ಎಯಲ್ಲೂ ಅಂಥ ಭಾಗಗಳಿವೆ. ಎರಡು ತುದಿಗಳಿಗೆ ಹೋಗಿ ಅಂಟಿಕೊಳ್ಳುವ, ಪ್ರಯೋಗಾಲಯದಲ್ಲಿ ತಯಾರಿಸಿದ ಕಿರು ಡಿಎನ್‌ಎ ತುಣುಕುಗಳಿಗೆ ಪ್ರೈಮರ್ ಎಂದು ಹೆಸರು. ಪಿಸಿಆರ್ ಯಂತ್ರದಲ್ಲಿ ಬಿಸಿ ಮಾಡಿ ತಣಿಸುವ ಪ್ರತಿ ಸುತ್ತಿಗೂ ಆ ತುಣುಕಿನ ಪ್ರತಿಗಳು ಎರಡರಷ್ಟಾಗುತ್ತ ಹೋಗುತ್ತವೆ, ಲೆಕ್ಕದ ಪ್ರಕಾರ 30 ಸುತ್ತುಗಳಲ್ಲಿ ಒಂದು ತುಣುಕು ನೂರು ಕೋಟಿಯನ್ನು ಮೀರುತ್ತದೆ. ಬಳಿಕ ಅನುಕ್ರಮಣ ಯಂತ್ರವು ಈ ತುಣುಕುಗಳಲ್ಲಿರುವ ಎ, ಟಿ, ಜಿ, ಸಿ ಅಕ್ಷರಗಳ ಸಾಲನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಒಟ್ಟಿಗೇ ಓದುತ್ತದೆ. ಓದಿದ ಸಾಲುಗಳನ್ನು, ಈಗಾಗಲೇ ಹೆಸರು ಗೊತ್ತಿರುವ ಜೀವಿಗಳ ಸಾಲುಗಳಿರುವ ಜೀನ್‌ಬ್ಯಾಂಕ್, ಬೋಲ್ಡ್ ಮೊದಲಾದ ಭಂಡಾರಗಳೊಂದಿಗೆ ಹೋಲಿಸಿ ಪಟ್ಟಿ ತಯಾರಿಸುತ್ತಾರೆ.

ಇನ್ನು ಹೆಸರಿನ ವಿಚಾರ. ಅಂಗಡಿಯ ಸಾಮಾನಿನ ಮೇಲಿನ ಬಾರ್‌ಕೋಡಿನಂತೆ ಡಿಎನ್‌ಎಯ ಒಂದು ನಿಗದಿತ ತುಣುಕಿನಿಂದಲೇ ಪ್ರಾಣಿಯನ್ನು ಗುರುತಿಸಬಹುದು ಎಂದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಪ್ರತಿಪಾದಿಸಿದರು. ಅವರು ಆರಿಸಿದ್ದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎಂಬ ಭಾಗದಲ್ಲಿರುವ ಸಿಓಐ ಎಂಬ ವಂಶವಾಹಿಯ ಸುಮಾರು 650 ಅಕ್ಷರಗಳನ್ನು. ಜೀವಕೋಶದ ಕೇಂದ್ರದಲ್ಲಿ ಒಂದು ವಂಶವಾಹಿಯ ಪ್ರತಿಗಳು ಸಾಮಾನ್ಯವಾಗಿ ಎರಡೇ ಇದ್ದರೆ ಮೈಟೊಕಾಂಡ್ರಿಯದ ಡಿಎನ್‌ಎ ನೂರಾರು, ಕೆಲವೊಮ್ಮೆ ಸಾವಿರಾರು ಪ್ರತಿಗಳಲ್ಲಿರುತ್ತದೆ. ಅಳಿದುಳಿದ ಚೂರುಗಳಲ್ಲಿ ಹುಡುಕುವವರಿಗೆ ಇದು ದೊಡ್ಡ ಅನುಕೂಲ. ಆದರೆ ಬಾರ್‌ಕೋಡಿಂಗ್ ಎಂದರೆ ಒಂದು ಪ್ರಾಣಿಯ ಒಂದು ಮಾದರಿಯನ್ನು ಓದುವುದು. ಅನೇಕ ಜೀವಿಗಳ ಡಿಎನ್‌ಎ ಬೆರೆತಿರುವ ಮಾದರಿಯಿಂದ ಎಲ್ಲವನ್ನೂ ಒಟ್ಟಿಗೆ ಓದುವುದಕ್ಕೆ ಮೆಟಾಬಾರ್‌ಕೋಡಿಂಗ್ ಎಂಬ ಹೆಸರು 2012ರ ಹೊತ್ತಿಗೆ ರೂಢಿಗೆ ಬಂತು, ಅದರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನ ಪಿಯರ್ ಟಾಬರ್ಲೆ ಅವರ ತಂಡದ ಪಾತ್ರ ಹಿರಿದು. ಅದೇ ವಲಯದ ಸಂಶೋಧಕರು 2008ರಲ್ಲಿ ಫ್ರಾನ್ಸಿನ ಕೊಳಗಳ ನೀರಿನಿಂದಲೇ, ಹೊರಗಿನಿಂದ ಬಂದು ಹರಡಿದ್ದ ಅಮೆರಿಕದ ಗೂಳಿಕಪ್ಪೆಯನ್ನು ಪತ್ತೆ ಹಚ್ಚಿ ತೋರಿಸಿದ್ದರು.

ಪರಿಸರದಲ್ಲಿ ಡಿಎನ್‌ಎ ಬೇಗನೆ ಮುರಿಯುವುದರಿಂದ 650 ಅಕ್ಷರಗಳ ಉದ್ದದ ತುಣುಕು ಹಲವೊಮ್ಮೆ ಸಿಗುವುದಿಲ್ಲ. ಅದಕ್ಕಾಗಿ ಜಪಾನಿನ ಮಸಾಕಿ ಮಿಯಾ ಮತ್ತು ಸಂಗಡಿಗರು ಮೀನುಗಳಿಗೆಂದೇ ಸುಮಾರು 170 ಅಕ್ಷರಗಳ ಕಿರು ತುಣುಕನ್ನು ಹಿಡಿಯುವ ಪ್ರೈಮರ್‌ಗಳನ್ನು ರೂಪಿಸಿ 2015ರಲ್ಲಿ ಪ್ರಕಟಿಸಿದರು. ಅವರು ಪರೀಕ್ಷೆಗೆ ಆರಿಸಿಕೊಂಡದ್ದು ಒಕಿನಾವದ ಚುರಾವುಮಿ ಮತ್ಸ್ಯಾಲಯವನ್ನು. ಯಾವ ತೊಟ್ಟಿಯಲ್ಲಿ ಯಾವ ಮೀನಿದೆ ಎಂಬುದು ಮೊದಲೇ ಗೊತ್ತಿರುವ ಜಾಗವದು, ಆದ್ದರಿಂದ ಉತ್ತರ ಸರಿಯೋ ತಪ್ಪೋ ಎಂದು ತಾಳೆ ನೋಡಬಹುದಿತ್ತು. ನಾಲ್ಕು ತೊಟ್ಟಿಗಳಲ್ಲಿದ್ದ 180 ಪ್ರಭೇದಗಳಲ್ಲಿ 168 ನೀರಿನಿಂದಲೇ ಪತ್ತೆಯಾದವು. ತರಗತಿಯಲ್ಲಿ ಹೇಳುವಾಗ 168ರ ಜೊತೆಗೆ ಉಳಿದ 12ನ್ನೂ ದಯವಿಟ್ಟು ಹೇಳಿ. ಗಾಜಿನ ಆಚೆ ಕಣ್ಣೆದುರೇ ಈಜುತ್ತಿದ್ದರೂ ಅವು ಪಟ್ಟಿಗೆ ಬರಲಿಲ್ಲ.

ಪ್ರಶ್ನೆ: ಹಾಗಾದರೆ ಕೆರೆಯಲ್ಲಿ ಎಷ್ಟು ಕಾಟ್ಲಾ, ಎಷ್ಟು ರೋಹು ಇವೆಯೆಂಬ ಲೆಕ್ಕವೂ ಸಿಗುತ್ತದೆಯೇ?
– ಮೀನು ಸಾಕಣೆದಾರರು, ಹೊಸಪೇಟೆ

ಉತ್ತರ: ಇಲ್ಲ. ಯಂತ್ರ ಕೊಡುವ ಸಂಖ್ಯೆ ಓದಿದ ತುಣುಕುಗಳದೇ ಹೊರತು ಮೀನುಗಳದಲ್ಲ. ದೊಡ್ಡ ಮೀನು ಹೆಚ್ಚು ಡಿಎನ್‌ಎ ಬಿಡುತ್ತದೆ, ಮೊಟ್ಟೆಯಿಡುವ ವಾರದಲ್ಲಿ ಇನ್ನೂ ಹೆಚ್ಚು ಬಿಡುತ್ತದೆ. ಪ್ರೈಮರ್ ಒಂದು ಮೀನಿನ ಡಿಎನ್‌ಎಗೆ ಬಿಗಿಯಾಗಿ ಅಂಟಿದರೆ ಇನ್ನೊಂದಕ್ಕೆ ಸಡಿಲವಾಗಿ ಅಂಟುತ್ತದೆ, ಆ ಸಣ್ಣ ವ್ಯತ್ಯಾಸ ಪ್ರತಿ ಸುತ್ತಿನಲ್ಲೂ ಬೆಳೆದು ಕೊನೆಗೆ ಹಲವು ಪಟ್ಟಾಗುತ್ತದೆ. ಒಂದೇ ಪ್ರಭೇದದ ಪ್ರಮಾಣ ಬೇಕಿದ್ದರೆ ಅದೊಂದನ್ನೇ ಅಳೆಯುವ ಬೇರೆ ಪರೀಕ್ಷೆಗಳಿವೆ, ಅವೂ ಸ್ಥೂಲ ಅಂದಾಜು ಕೊಡುತ್ತವೆ ಅಷ್ಟೆ. ನಿಮ್ಮ ಉದ್ದೇಶಕ್ಕೆ ಬಲೆಯೇ ಸರಿ.

ಪ್ರಶ್ನೆ: ಉಂಬಳದ ಹೊಟ್ಟೆಯ ರಕ್ತ ಪರೀಕ್ಷಿಸಿ ಕಾಡಿನಲ್ಲಿ ಯಾವ ಪ್ರಾಣಿಗಳಿವೆಯೆಂದು ಹೇಳುತ್ತಾರಂತೆ. ಮಳೆಗಾಲದಲ್ಲಿ ತೋಟಕ್ಕೆ ಹೋಗಿಬಂದರೆ ಕಾಲ ಬೆರಳ ಸಂದಿಯಲ್ಲಿ ನಾಲ್ಕಾದರೂ ಇರುತ್ತವೆ. ಈ ಮಾತು ನಿಜವೇ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ನಿಜ. ಈ ಇಡೀ ವಿಷಯದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಭಾಗವೇ ಇದು. ಕೋಪೆನ್‌ಹೇಗನ್ನಿನ ಸಂಶೋಧಕರು ಉಂಬಳದ ಬಂಧುಗಳಾದ ಔಷಧಿ ಜಿಗಣೆಗಳಿಗೆ ಮೇಕೆಯ ರಕ್ತ ಕುಡಿಸಿ ದಿನ ಎಣಿಸುತ್ತ ಕಾದರು. ನಾಲ್ಕು ತಿಂಗಳು ಕಳೆದರೂ ಜಿಗಣೆಯೊಳಗೆ ಮೇಕೆಯ ಡಿಎನ್‌ಎ ಗುರುತಿಸುವಷ್ಟು ಉಳಿದಿತ್ತು. ಅನಂತರ ವಿಯೆಟ್ನಾಮಿನ ಅಣ್ಣಮೈಟ್ ಬೆಟ್ಟಸಾಲಿನ ಮಳೆಕಾಡಿನಿಂದ ತಂದ 25 ನೆಲದ ಉಂಬಳಗಳನ್ನು ಪರೀಕ್ಷಿಸಿದಾಗ 21ರಲ್ಲಿ ಸಸ್ತನಿಗಳ ಡಿಎನ್‌ಎ ಸಿಕ್ಕಿತು. ಕಾಡಿನಲ್ಲಿಟ್ಟ ಕ್ಯಾಮೆರಾಗಳ ಕಣ್ಣಿಗೆ ಬೀಳದಿದ್ದ, ಅಪರೂಪದ ಪಟ್ಟೆಮೊಲದ ಗುರುತೂ ಅದರಲ್ಲಿತ್ತು. ಇದು ಪ್ರಕಟವಾದದ್ದು 2012ರಲ್ಲಿ.

ಅದಕ್ಕಿಂತಲೂ ದೊಡ್ಡ ಕೆಲಸ ನಡೆದದ್ದು ಚೀನಾದ ಯುನ್ನಾನ್ ಪ್ರಾಂತ್ಯದ ಐಲಾವೋಶಾನ್ ರಕ್ಷಿತಾರಣ್ಯದಲ್ಲಿ. ಅಲ್ಲಿ ಉಂಬಳ ಹಿಡಿದವರು ವಿಜ್ಞಾನಿಗಳಲ್ಲ, ಅರಣ್ಯ ಕಾವಲುಗಾರರು. 163 ಮಂದಿ ಕಾವಲುಗಾರರು ಮಳೆಗಾಲದ ತಮ್ಮ ದಿನನಿತ್ಯದ ಗಸ್ತಿನಲ್ಲೇ ದಾರಿಯುದ್ದಕ್ಕೂ ಉಂಬಳಗಳನ್ನು ಆರಿಸಿ, ಕೆಡದಂತೆ ಕಾಪಾಡುವ ದ್ರವವಿದ್ದ ನಳಿಕೆಗಳಿಗೆ ಹಾಕಿಕೊಂಡರು. ಒಟ್ಟು 30,468 ಉಂಬಳಗಳು ಕೂಡಿದವು. 2022ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಸ್ತನಿ, ಹಕ್ಕಿ, ಕಪ್ಪೆ, ಹಲ್ಲಿ ಮತ್ತು ಹಾವುಗಳ ಗುಂಪುಗಳಿಗೆ ಸೇರಿದ 86 ಪ್ರಭೇದಗಳು ಗುರುತಿಗೆ ಬಂದವು. ಪಟ್ಟಿಗಿಂತ ಮುಖ್ಯವಾದದ್ದು ಅದು ತೋರಿಸಿದ ಹರವು. ಕಾಡಿನ ಅಂಚಿನ ತಗ್ಗು ಭಾಗಗಳಲ್ಲಿ ದನ, ಕುರಿ, ಮೇಕೆಗಳ ರಕ್ತ ಹೆಚ್ಚಾಗಿ ಸಿಕ್ಕಿದರೆ, ಕಡವೆ, ಕರಡಿಗಳಂಥ ಕಾಡುಪ್ರಾಣಿಗಳ ಗುರುತು ಎತ್ತರದ ಒಳಗಾಡಿನ ಕಡೆಗೆ ಸರಿದಿತ್ತು. ದನ ಮೇಯುವ ಗಡಿ ಎಲ್ಲಿಯವರೆಗೆ ಚಾಚಿದೆ ಎಂಬುದನ್ನು ಉಂಬಳಗಳೇ ನಕ್ಷೆ ಬರೆದು ತೋರಿಸಿದಂತಾಯಿತು.

ನಿಮ್ಮ ಕಡೆಯವರಿಗೆ ಉಪಯೋಗವಾಗುವ ಒಂದು ಮಾತು. ಕಚ್ಚಿದ ಉಂಬಳಕ್ಕೆ ನಾವು ಉಪ್ಪೋ ಸುಣ್ಣವೋ ಹಚ್ಚುತ್ತೇವೆ. ಹಾಗೆ ಮಾಡಿದಾಗ ಅದು ಕುಡಿದದ್ದನ್ನು ಕಕ್ಕಿಬಿಡುವುದುಂಟು. ಅಧ್ಯಯನಕ್ಕೆಂದು ಹಿಡಿಯುವಾಗ ಅದು ಮೈಗೆ ಕಚ್ಚುವ ಮೊದಲೇ, ಎಲೆಯ ತುದಿಯಲ್ಲಿ ತಲೆಯೆತ್ತಿ ಓಲಾಡುತ್ತಿರುವಾಗಲೇ ಎತ್ತಿ ಸಂರಕ್ಷಕ ದ್ರವಕ್ಕೆ ಹಾಕಬೇಕು. ಕಚ್ಚಿದ ಮೇಲೆ ಹಿಡಿದರೆ ಪಟ್ಟಿಯಲ್ಲಿ ಮೊದಲು ಬರುವ ಪ್ರಾಣಿ ಮನುಷ್ಯನೇ.

ಪ್ರಶ್ನೆ: ಕಾವೇರಿಯ ಡುಬ್ಬದ ಮಹಶೀರ್ ಮೀನು ಈಗ ಎಲ್ಲೆಲ್ಲಿ ಉಳಿದಿದೆ ಎಂಬುದನ್ನು ಈ ವಿಧಾನದಿಂದ ಪತ್ತೆ ಮಾಡಲಾಗದೇ? ಇಡೀ ನದಿಯುದ್ದಕ್ಕೂ ನೀರು ತಂದರೆ ಸಾಕಲ್ಲವೇ?
– ನಿವೃತ್ತ ಬ್ಯಾಂಕ್ ನೌಕರರು, ಕೊಳ್ಳೇಗಾಲ

ಉತ್ತರ: ನಿಮ್ಮ ಪ್ರಶ್ನೆ ಈ ವಿಧಾನದ ಮರ್ಮವನ್ನೇ ಮುಟ್ಟುತ್ತದೆ. ಡಿಎನ್‌ಎ ತಾನಾಗಿ ಹೆಸರು ಹೇಳುವುದಿಲ್ಲ. ಮೊದಲೇ ಯಾರೋ ಒಬ್ಬರು ಮೀನನ್ನು ಕೈಯಲ್ಲಿ ಹಿಡಿದು, ಹುರುಪೆ ಎಣಿಸಿ, ರೆಕ್ಕೆಯ ಕಡ್ಡಿಗಳನ್ನು ನೋಡಿ, ಇದು ಇಂಥದೇ ಎಂದು ನಿರ್ಧರಿಸಿ, ಅದರ ಡಿಎನ್‌ಎಯನ್ನು ಭಂಡಾರದಲ್ಲಿ ದಾಖಲಿಸಿರಬೇಕು. ಆ ದಾಖಲೆ ಇಲ್ಲದಿದ್ದರೆ ಯಂತ್ರ ಅತಿ ಹತ್ತಿರದ ಬಂಧುವಿನ ಹೆಸರನ್ನು ಹೇಳುತ್ತದೆ, ಅಥವಾ ‘ಈ ಕುಲಕ್ಕೆ ಸೇರಿದ್ದು’ ಎಂದಷ್ಟೇ ಹೇಳಿ ನಿಲ್ಲುತ್ತದೆ. ದಾಖಲೆಯೇ ತಪ್ಪಾಗಿದ್ದರೆ ಆ ತಪ್ಪು ಹೆಸರನ್ನೇ ಪ್ರತಿ ನದಿಯಲ್ಲೂ ಅಷ್ಟೇ ವಿಶ್ವಾಸದಿಂದ ಮರಳಿ ಹೇಳುತ್ತದೆ.

ಡುಬ್ಬದ ಮಹಶೀರ್‌ನ ಕಥೆ ಇದಕ್ಕೆ ತಕ್ಕ ನಿದರ್ಶನ. ಬೆಸ್ತರಿಗೂ ಗಾಳದವರಿಗೂ ಬ್ರಿಟಿಷರ ಕಾಲದಿಂದಲೇ ಪರಿಚಿತವಾಗಿದ್ದ, ಐವತ್ತು ಕಿಲೋಗ್ರಾಂ ಮುಟ್ಟಬಲ್ಲ ಈ ಮೀನಿಗೆ ಬಹುಕಾಲ ಖಚಿತವಾದ ವೈಜ್ಞಾನಿಕ ಹೆಸರಿರಲಿಲ್ಲ. ಕಾವೇರಿ ಕೊಳ್ಳಕ್ಕೇ ಸೇರಿದ, ಕೇರಳದ ಪಾಂಬಾರ್ ನದಿಯಿಂದ ವರ್ಣಿಸಲಾಗಿದ್ದ ‘ಟಾರ್ ರೆಮಾದೇವಿಯೈ’ ಎಂಬ ಪ್ರಭೇದವೇ ಇದು ಎಂಬುದು ದೇಹರಚನೆ ಮತ್ತು ಡಿಎನ್‌ಎ ಎರಡನ್ನೂ ಹೋಲಿಸಿದ ಬಳಿಕ 2018ರಲ್ಲಷ್ಟೇ ಪ್ರಕಟವಾಯಿತು. ಅದೇ ವರ್ಷ ಅದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಪ್ರಭೇದವೆಂದು ಸೇರಿತು. ಅಂದರೆ 2017ರಲ್ಲಿ ಯಾರಾದರೂ ಕಾವೇರಿಯ ನೀರನ್ನು ಸೋಸಿ ಈ ಮೀನಿನ ಡಿಎನ್‌ಎ ಹಿಡಿದಿದ್ದರೂ ಅದನ್ನು ಡುಬ್ಬದ ಮಹಶೀರ್ ಎಂದು ಓದುವುದು ಸಾಧ್ಯವಿರಲಿಲ್ಲ.

ಇನ್ನೊಂದು ತೊಡಕಿದೆ. ಮಹಶೀರ್‌ಗಳು ಪರಸ್ಪರ ಹತ್ತಿರದ ಬಂಧುಗಳು. ಮೇಲೆ ಹೇಳಿದ 170 ಅಕ್ಷರಗಳಷ್ಟು ಕಿರಿದಾದ ತುಣುಕಿನಲ್ಲಿ ಇಂಥ ಬಂಧುಗಳ ನಡುವೆ ವ್ಯತ್ಯಾಸ ತೀರಾ ಕಡಿಮೆ ಇರಬಹುದು, ಹಾಗಿದ್ದಾಗ ಬೇರೆ ತುಣುಕನ್ನು ಆರಿಸಿಕೊಳ್ಳಬೇಕಾಗುತ್ತದೆ. ಮೀನು ಹೆಚ್ಚಿಸುವ ಉದ್ದೇಶದಿಂದ ಕಾವೇರಿಗೆ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ವರ್ಷಗಳ ಕಾಲ ತಂದು ಬಿಟ್ಟಿದ್ದಾರೆ. ಎರಡೂ ಕೂಡಿ ಮಿಶ್ರತಳಿ ಹುಟ್ಟಿದರೂ ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುವುದರಿಂದ ಪಟ್ಟಿಯಲ್ಲಿ ತಾಯಿಯ ಹೆಸರು ಮಾತ್ರ ಕಾಣುತ್ತದೆ, ತಂದೆಯ ಸುಳಿವು ಸಿಗುವುದಿಲ್ಲ. ಇವೆರಡನ್ನು ಬೇರ್ಪಡಿಸಿ ನೋಡಬೇಕಾದ ನದಿಯಲ್ಲಿ ಇದು ಸಣ್ಣ ಕೊರತೆಯಲ್ಲ.

ಹರಿಯುವ ನೀರಿನಲ್ಲಿ ಜಾಗದ ಪ್ರಶ್ನೆಯೂ ಬರುತ್ತದೆ. ಸ್ವಿಟ್ಜರ್ಲೆಂಡಿನ ಗ್ಲಾಟ್ ನದಿಯಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೇಲಿನ ಸರೋವರದಲ್ಲಿರುವ ನೀರುಚಿಗಟ ಎಂಬ ಕಿರು ಜಲಜೀವಿಯ ಡಿಎನ್‌ಎ ಸುಮಾರು 12 ಕಿಲೋಮೀಟರು ಕೆಳಗೂ ಸಿಗುತ್ತದೆಂದು ತೋರಿಸಿತು. ಆದ್ದರಿಂದ ಶಿವನಸಮುದ್ರದ ಕೆಳಗೆ ತುಂಬಿದ ಬಾಟಲಿಯಲ್ಲಿ ಮಹಶೀರ್ ಸಿಕ್ಕರೆ ಅದು ಆ ಮಡುವಿನಲ್ಲೇ ಇದೆ ಎನ್ನಲು ಬರುವುದಿಲ್ಲ, ಅಲ್ಲಿಂದ ಮೇಲಕ್ಕೆ ಎಲ್ಲೋ ಇದೆ ಎನ್ನಬಹುದು. ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಸಲಹೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಹೀಗೆ ಅಳಿಯುತ್ತಿರುವ ಮೀನನ್ನು ಹುಡುಕುವ ಹೆಸರಿನಲ್ಲಿ ಬಲೆ ಹಾಕಿ ಗಾಸಿಗೊಳಿಸುವ ಬದಲು ಮೊದಲು ನೀರು ಸೋಸಿ, ಸುಳಿವು ಸಿಕ್ಕ ಕಡೆಯಲ್ಲಿ ಮಾತ್ರ ಮೀನು ಬಲ್ಲವರನ್ನು ಕಳಿಸುವುದೇ ಸರಿಯಾದ ದಾರಿ.

ಪ್ರಶ್ನೆ: ನೀರಿನಲ್ಲಿ ಸರಿ, ಗಾಳಿಯಲ್ಲೂ ಪ್ರಾಣಿಗಳ ಡಿಎನ್‌ಎ ಸಿಗುತ್ತದೆಯೇ?
– ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಿಗುತ್ತದೆ. 2022ರ ಜನವರಿಯಲ್ಲಿ ಎರಡು ತಂಡಗಳು, ಒಂದು ಡೆನ್ಮಾರ್ಕಿನದು, ಇನ್ನೊಂದು ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ್ದು, ಮೃಗಾಲಯಗಳ ಗಾಳಿಯನ್ನು ಸೋಸಿ ಪಡೆದ ಫಲಿತಾಂಶಗಳನ್ನು ಒಟ್ಟಿಗೇ ಪ್ರಕಟಿಸಿದವು. ಕೋಪೆನ್‌ಹೇಗನ್ ಮೃಗಾಲಯದ ಗಾಳಿಯಲ್ಲಿ 49 ಕಶೇರುಕ ಪ್ರಭೇದಗಳು ಸಿಕ್ಕವು. ಅದರಲ್ಲಿ ಮಳೆಕಾಡಿನ ಮನೆಯ ಕೊಳದಲ್ಲಿದ್ದ ಗಪ್ಪಿ ಮೀನೂ ಸೇರಿತ್ತು. ನೀರಿನ ಮೀನಿನ ಡಿಎನ್‌ಎ ಗಾಳಿಗೆ ಏರಿತ್ತು ಎಂಬುದನ್ನು ಓದಿದಾಗ ನನಗೂ ನಂಬಲು ಹೊತ್ತು ಹಿಡಿಯಿತು.

ಪ್ರಶ್ನೆ: ಒಂದು ಪ್ರಾಣಿಯ ಡಿಎನ್‌ಎ ಸಿಗಲಿಲ್ಲ ಎಂದರೆ ಅದು ಅಲ್ಲಿ ಇಲ್ಲವೆಂದೇ ತೀರ್ಮಾನಿಸಬಹುದೇ?
– ವಕೀಲರು, ಮಂಗಳೂರು

ಉತ್ತರ: ಹಾಗೆ ತೀರ್ಮಾನಿಸಲಾಗದು. ಸಿಗಲಿಲ್ಲ ಎಂಬುದರ ಬೆಲೆ ಎಷ್ಟು ಹುಡುಕಿದಿರಿ, ಎಲ್ಲಿ, ಯಾವ ಕಾಲದಲ್ಲಿ ಹುಡುಕಿದಿರಿ ಎಂಬುದರ ಮೇಲೆ ನಿಂತಿದೆ. ಸ್ಕಾಟ್ಲೆಂಡಿನ ನೆಸ್ ಸರೋವರದಲ್ಲಿ ದೈತ್ಯ ಪ್ರಾಣಿಯೊಂದಿದೆ ಎಂಬ ಹಳೆಯ ನಂಬಿಕೆಯನ್ನು ಪರೀಕ್ಷಿಸಲು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ನೀಲ್ ಗೆಮ್ಮೆಲ್ ಅವರ ತಂಡ 2018ರಲ್ಲಿ ಬೇರೆ ಬೇರೆ ಜಾಗ ಮತ್ತು ಆಳಗಳಿಂದ 250 ನೀರಿನ ಮಾದರಿಗಳನ್ನು ತೆಗೆಯಿತು. ಮರುವರ್ಷ ಹೊರಬಂದ ಫಲಿತಾಂಶದಲ್ಲಿ ಸರೀಸೃಪದ ಡಿಎನ್‌ಎ ಒಂದಿಷ್ಟೂ ಇರಲಿಲ್ಲ, ಹಾವುಮೀನಿನದು ಮಾತ್ರ ಹೇರಳವಾಗಿತ್ತು. 250 ಮಾದರಿಗಳಲ್ಲೂ ಸಿಗದ ದೊಡ್ಡ ಸರೀಸೃಪ ಅಲ್ಲಿಲ್ಲ ಎಂದು ನಂಬಲು ಬಲವಾದ ಆಧಾರ ಸಿಕ್ಕಿತು. ಅದೇ, ಒಂದು ಕೆರೆಯಿಂದ ಒಂದೇ ಬಾಟಲಿ ನೀರು ತಂದು ‘ಇಲ್ಲಿ ನೀರುನಾಯಿ ಇಲ್ಲ’ ಎಂದು ವರದಿ ಬರೆದರೆ ಅದಕ್ಕೆ ಆಧಾರವಿಲ್ಲ. ಯೋಜನೆಯೊಂದರ ಪರಿಸರ ಪರಿಣಾಮದ ವರದಿಯಲ್ಲಿ ಇಂಥ ಸಾಲು ನಿಮ್ಮ ಕಣ್ಣಿಗೆ ಬಿದ್ದರೆ ಎಷ್ಟು ಮಾದರಿ, ಯಾವ ತಿಂಗಳು, ಯಾವ ಪ್ರೈಮರ್ ಎಂಬ ಮೂರು ಪ್ರಶ್ನೆಗಳನ್ನು ತಪ್ಪದೇ ಕೇಳಿ.

ಪ್ರಶ್ನೆ: ನಮ್ಮ ಕಾಲೇಜಿನ ಹಿಂದಿನ ಕೆರೆಯಲ್ಲಿ ಈ ಅಧ್ಯಯನ ಮಾಡಬೇಕೆಂದಿದ್ದೇವೆ. ಯಾವ ಎಚ್ಚರಿಕೆ ವಹಿಸಬೇಕು?
– ಎಂ.ಎಸ್ಸಿ. ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳು, ಶಿವಮೊಗ್ಗ

ಉತ್ತರ: ಅನುಕ್ರಮಣವನ್ನು ಹೊರಗಿನ ಪ್ರಯೋಗಾಲಯಗಳು ಹಣ ಪಡೆದು ಮಾಡಿಕೊಡುತ್ತವೆ, ಅದರ ಚಿಂತೆ ಬೇಡ. ಕೆಲಸ ಕೆಡುವುದು ಕೆರೆಯ ದಂಡೆಯಲ್ಲೇ. ನೂರು ಕೋಟಿ ಪಟ್ಟು ಹೆಚ್ಚಿಸುವ ವಿಧಾನವು ನಿಮ್ಮ ಬೆರಳಿನ ಕೊಳೆಯನ್ನೂ ಅಷ್ಟೇ ಪಟ್ಟು ಹೆಚ್ಚಿಸುತ್ತದೆ. ಬೆಟ್ಟದ ಕೆರೆಯ ಪಟ್ಟಿಯಲ್ಲಿ ಬಂಗುಡೆ ಕಾಣಿಸಿಕೊಂಡರೆ ಅದು ಬಂದಿರುವುದು ಸಮುದ್ರದಿಂದಲ್ಲ, ಯಾರದೋ ಊಟದ ಡಬ್ಬಿಯಿಂದ ಅಥವಾ ಕೆರೆಗೆ ಸೇರುವ ಮನೆಗಳ ಚರಂಡಿಯಿಂದ. ದನ, ಹಂದಿ, ಕೋಳಿಗಳ ಡಿಎನ್‌ಎ ಪಿಸಿಆರ್ ರಾಸಾಯನಿಕಗಳಲ್ಲೇ ಲೇಶಮಾತ್ರ ಬೆರೆತಿರುವುದೂ ಉಂಟು.

ಕೈಗವಸನ್ನು ಪ್ರತಿ ಮಾದರಿಗೂ ಬದಲಿಸಿ. ಬಾಟಲಿಗಳನ್ನು ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ಹಲವು ಸಲ ತೊಳೆದು ಒಯ್ಯಿರಿ. ನೀರಿಗಿಳಿಯದೆ ದಂಡೆಯಿಂದಲೇ ಕೈ ಚಾಚಿ ತುಂಬಿಕೊಳ್ಳಿ, ಇಳಿಯಲೇಬೇಕಾದರೆ ಹರಿವಿಗೆ ಎದುರಾಗಿ ನಿಲ್ಲಿ. ಒಂದೇ ಕಡೆ ತುಂಬದೆ ತೂಬಿನ ಬಳಿ, ಜೊಂಡಿನ ನಡುವೆ, ನೆರಳಿನಲ್ಲಿ, ಬಿಸಿಲಿನಲ್ಲಿ, ಹೀಗೆ ಹತ್ತಾರು ಜಾಗಗಳಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ತುಂಬಿದ ಬಾಟಲಿಯನ್ನು ಬಿಸಿಲಿನಲ್ಲಿ ಇಡಬೇಡಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಸೋಸಿ, ಹಾಳೆಯನ್ನು ಎಥೆನಾಲಿನಲ್ಲಿ ಮುಳುಗಿಸಿಡಿ. ಪಿಸಿಆರ್‌ಗೆ ಮೊದಲಿನ ಕೆಲಸವನ್ನೂ ನಂತರದ ಕೆಲಸವನ್ನೂ ಒಂದೇ ಕೋಣೆಯಲ್ಲಿ ಮಾಡಲೇಬೇಡಿ. ಸಂರಕ್ಷಿತ ಅರಣ್ಯದೊಳಗಿನ ಕೆರೆಯಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು ಬೇಕು.

ಒಂದು ಬಾಟಲಿಯಲ್ಲಿ ಕೆರೆಯ ನೀರಿನ ಬದಲು ಮನೆಯಿಂದ ತಂದ ಶುದ್ಧ ಬಟ್ಟಿ ನೀರನ್ನು ತುಂಬಿ, ಕೆರೆಯ ದಂಡೆಯಲ್ಲೇ ಮುಚ್ಚಳ ತೆರೆದು ಮುಚ್ಚಿ, ಉಳಿದವುಗಳ ಜೊತೆಯಲ್ಲೇ ಸೋಸಿ, ಉಳಿದವುಗಳ ಜೊತೆಯಲ್ಲೇ ಪರೀಕ್ಷೆಗೆ ಕಳಿಸಿ. ಖರ್ಚು ಉಳಿಸಲೆಂದು ಮೊದಲು ಕೈಬಿಡುವುದು ಇದನ್ನೇ, ಹಾಗೆ ಮಾಡಬೇಡಿ. ಫಲಿತಾಂಶ ಬಂದ ದಿನ ಕೆರೆಯ ಪಟ್ಟಿಯನ್ನು ತೆರೆಯುವ ಮೊದಲು ಈ ಬಾಟಲಿಯ ಪಟ್ಟಿಯನ್ನು ತೆರೆಯಿರಿ. ಅದರಲ್ಲಿ ಮೀನಿನ ಹೆಸರಿದ್ದರೆ ಆ ಹೆಸರನ್ನು ಕೆರೆಯ ಪಟ್ಟಿಯಲ್ಲೂ ಅನುಮಾನಿಸಬೇಕಾಗುತ್ತದೆ. ಪಟ್ಟಿ ಸಿದ್ಧವಾದ ಮೇಲೆ ಆ ಕೆರೆಯಲ್ಲಿ ಮೀನು ಹಿಡಿಯುವ ಹಿರಿಯರೊಬ್ಬರ ಮುಂದೆ ಕುಳಿತು ಒಂದೊಂದೇ ಹೆಸರನ್ನು ಓದಿ, ಅವರು ಇಲ್ಲವೆಂದದ್ದನ್ನೂ, ನಿಮ್ಮ ಪಟ್ಟಿಯಲ್ಲಿಲ್ಲದೆ ಅವರು ಇದೆಯೆಂದದ್ದನ್ನೂ ಬರೆದುಕೊಳ್ಳಿ. ಅವರು ಇದೆಯೆಂದ ಮೀನು ಬಲೆಗೆ ಬಿದ್ದ ದಿನ ಅದರ ರೆಕ್ಕೆಯ ಸಣ್ಣ ಚೂರನ್ನು ಎಥೆನಾಲಿನಲ್ಲಿ ಇಟ್ಟುಕೊಳ್ಳಿ, ಮೀನಿನ ಚಿತ್ರ ತೆಗೆದು, ದಿನಾಂಕ, ಜಾಗ ಮತ್ತು ಅವರು ಹೇಳಿದ ಊರಿನ ಹೆಸರನ್ನೂ ಸೇರಿಸಿ ದಾಖಲಿಸಿ.